ಆಕಾಶಲಕ್ಷ್ಮಿಯ ಒಂದನೇ ಲೆವೆಲ್ಲಿನಿಂದ

ಬಂಗಾರಪೇಟೆ
ಮಂಗಳವಾರ, 11 ಮಾರ್ಚ್ 2025

ನವ್ಯಳ ಅಪ್ಪನವರಿಗೆ ಅರುಣಕುಮಾರಿಯ ನಮಸ್ಕಾರಗಳು.

ಬಂಗಾರಪೇಟೆಯ ಸಮಸ್ತ ನಾಗರಿಕರಿಗೂ, ಜಂಕ್ಷನ್ನಿನಲ್ಲಿ ಹತ್ತಿ ಇಳಿಯುವ ಸಕಲ ಪ್ರಯಾಣಿಕರಿಗೂ, ಕಾಮಸಮುದ್ರ ಹೋಬಳಿಯ ಎಲ್ಲ ಹಾಲು ಉತ್ಪಾದಕರಿಗೂ, ಅವರಲ್ಲಿ ವಿಶೇಷವಾಗಿ ತಮಗೂ ಈ ಮೂಲಕ ಘೋಷಿಸುವುದೇನೆಂದರೆ: ನಮ್ಮ ದೊಡ್ಡ ಇಡ್ಲಿ ಪಾತ್ರೆಯ ಮುಚ್ಚಳ ಸಿಕ್ಕಿದೆ.

ದೀಪಾವಳಿಯ ಮಾರನೇ ದಿನ ನೀವು ಮನೆ ಬಿಟ್ಟು ಹೋಗುವಾಗ ಅದನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಹೋದಿರೆಂದು ನಾನು ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೆ. ಗಾಡಿ ಚಕ್ರದಷ್ಟು ಅಗಲದ ಮುಚ್ಚಳ ಹೆಗಲಿಗೆ ನೇತುಹಾಕುವ ಬ್ಯಾಗಿನಲ್ಲಿ ಹೇಗೆ ಹಿಡಿಸಿತು ಎಂದು ಒಬ್ಬರೂ ಕೇಳಲಿಲ್ಲ. ಗಂಡ ಎದ್ದುಹೋದ ಹೆಂಗಸಿನ ಮಾತನ್ನು ನಮ್ಮೂರಿನವರು ಅಳತೆ ಹಾಕಿ ನೋಡುವುದಿಲ್ಲ, ಸುಮ್ಮನೆ ಲೊಚಗುಟ್ಟುತ್ತಾರೆ. ಮುಚ್ಚಳ ಇದ್ದದ್ದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಬಾಯಿಗೆ. ಕಾಗೆ ಬೀಳುತ್ತದೆಂದು ಅಪ್ಪನೇ ಮುಚ್ಚಿಟ್ಟು ಮರೆತಿದ್ದರು. ಆದಕಾರಣ ಆ ಆಪಾದನೆಯಿಂದ ತಮ್ಮನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಗಿದೆ. ಉಳಿದ ಆಪಾದನೆಗಳು ಹಾಗೇ ಇವೆ.

ಫೋನಿದ್ದೂ ಕಾಗದ ಯಾಕೆ ಎಂದು ಕೇಳಬಹುದು. ಫೋನಿನಲ್ಲಿ ನೀವು ‘ಹಾಲು ಬಂತಾ’ ಅನ್ನುತ್ತೀರಿ, ನಾನು ‘ಬಂತು’ ಅನ್ನುತ್ತೇನೆ, ಇಬ್ಬರೂ ಇಟ್ಟುಬಿಡುತ್ತೇವೆ. ನಮ್ಮಷ್ಟು ಕಡಿಮೆ ಜಗಳವಾಡುವ ದಂಪತಿಗಳು ಕೋಲಾರ ಜಿಲ್ಲೆಯಲ್ಲಿ ಇರಲಾರರು. ಆ ಎರಡು ಮಾತಿನ ಮಧ್ಯೆ ಇಷ್ಟೆಲ್ಲ ತುರುಕುವುದಕ್ಕೆ ನನಗೆ ಬರುವುದಿಲ್ಲ. ಅದಕ್ಕೇ ನಿಮ್ಮ ವ್ಯಾನಿನ ಡ್ರೈವರ್ ಗೋಪಿಯ ಕೈಲಿ, ಖಾಲಿ ಕ್ಯಾನಿನ ಜೊತೆ ಇದನ್ನು ಕಳಿಸುತ್ತಿದ್ದೇನೆ.

ವಿಷಯ ಏನೆಂದರೆ, ಹೋಟೆಲ್ ಆಕಾಶಲಕ್ಷ್ಮಿಯನ್ನು ಕೆಡವುತ್ತಾರೆ.

ನೆಲಮಾಳಿಗೆಯ ಪಿಲ್ಲರಿನಲ್ಲಿ ಕೈ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ಇಂಜಿನಿಯರುಗಳು ಬಂದರು, ತಟ್ಟಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕಾಫಿ ಬೇಡವೆಂದು ಬೇಗ ಹೊರಗೆ ಹೋದರು. ಕಾಫಿ ಬೇಡವೆಂದಾಗಲೇ ನನಗೆ ಅರ್ಥವಾಯಿತು. ಶುಕ್ರವಾರ ಕರೆಂಟು, ನೀರು ಎರಡೂ ಕಡಿತ. ಅಷ್ಟರೊಳಗೆ ಎಲ್ಲರೂ ಹೊರಗಿರಬೇಕು. ಮಂಚಗಳು ಹೋದವು, ಕನ್ನಡಿಗಳು ಹೋದವು, ಕದಿರಮ್ಮನೊಬ್ಬಳ ಹೊರತು ಕೆಲಸದವರೆಲ್ಲ ಕಣ್ಣೊರೆಸಿಕೊಂಡು ಹೋದರು. ಇನ್ನು ಖಾಲಿಯಾಗಬೇಕಾದ್ದು ಒಂದೇ ಐಟಂ: ನಮ್ಮಪ್ಪ. ಅವರು ತುತ್ತತುದಿಯ ಅಂತಸ್ತಿನಲ್ಲಿ ಕೂತಿದ್ದಾರೆ. ಲಿಫ್ಟು ಕೆಟ್ಟಿದೆ. ಅವರ ಮಂಡಿ ಲಿಫ್ಟಿಗಿಂತ ಮೊದಲೇ ಕೆಟ್ಟಿದೆ. ಎತ್ತಿಕೊಂಡು ಇಳಿಸುತ್ತೇವೆ ಅಂದರೆ ಬೇಡ ಅನ್ನುತ್ತಾರೆ. ಶುಕ್ರವಾರಕ್ಕೆ ಇನ್ನು ಉಳಿದಿರುವುದು ಬುಧವಾರ, ಗುರುವಾರ.

ಇಷ್ಟು ದೊಡ್ಡ ಕಟ್ಟಡ ನೆಲಕ್ಕೆ ಬೀಳುವ ಮೊದಲು ಅದರ ಚರಿತ್ರೆಯನ್ನು ಯಾರಾದರೂ ಬರೆಯಬೇಕು. ದೊಡ್ಡ ಚರಿತ್ರಕಾರರು ಬಂಗಾರಪೇಟೆಗೆ ಬಂದರೆ ಪಾನಿಪುರಿ ತಿಂದು ರೈಲು ಹತ್ತುತ್ತಾರೆ. ಹಾಗಾಗಿ ಆ ಭಾರವೂ ನನ್ನ ಮೇಲೆಯೇ. ನಿಮಗೆ ಗೊತ್ತಿರುವುದೇ, ಗೊತ್ತಿದ್ದವರಿಗೆ ಹೇಳಿದರೆ ತಪ್ಪು ತಿದ್ದುತ್ತಾರೆ ಅನ್ನುವ ಆಸೆ.

ಅಪ್ಪ ನಂದಿದುರ್ಗದ ಚಿನ್ನದ ಗಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಬೆಳಗ್ಗೆ ಕೇಜಿನೊಳಗೆ ನಿಂತು ಭೂಮಿಯೊಳಕ್ಕೆ ಇಳಿಯುವುದು, ಶಿಫ್ಟು ಮುಗಿದ ಮೇಲೆ ಅದೇ ಕೇಜಿನಲ್ಲಿ ಮೇಲಕ್ಕೆ ಬರುವುದು. ಅರ್ಧ ಆಯುಷ್ಯ ಹೀಗೆ ಕಳೆದ ಮೇಲೆ ಗಣಿ ಮುಚ್ಚಿತು. ಜೊತೆಯವರು ಕೆಲವರು ಕುಡಿದರು, ಕೆಲವರು ಬೆಂಗಳೂರಿನ ರೈಲು ಹತ್ತಿದರು. ಅಪ್ಪ ಆಕಾಶ ನೋಡಿದರು. ‘ಇಷ್ಟ್ ವರ್ಸ ಕೆಳಕ್ಕೋದೆ, ಇನ್ನು ಮೇಲಕ್ಕೋಯ್ತೀನಿ’ ಅಂದರು. ಕೈಗೆ ಬಂದದ್ದನ್ನೂ ಊರಿನ ಹೊಲವನ್ನೂ ಸ್ಟೇಷನ್ನಿನ ಪಕ್ಕದ ಸೈಟಿಗೆ ಸುರಿದು ಏಳು ಅಂತಸ್ತು ಏರಿಸಿದರು. ಬೆಂಗಳೂರಿನವರಿಗೆ ಏಳು ಅಂತಸ್ತೆಂದರೆ ಕಾಂಪೌಂಡು ಗೋಡೆ. ನಮಗೆ ಅದು ಗಗನ.

ಶುರುವಿನ ವರ್ಷ ನೆನಪಿದೆಯಲ್ಲ? ಸುತ್ತಲ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಲಿಫ್ಟು ನೋಡಲು ಬರುತ್ತಿದ್ದರು. ರೂಮೂ ಬೇಡ, ಊಟವೂ ಬೇಡ, ಒಂದು ಸಲ ಮೇಲೆ ಹೋಗಿ ಕೆಳಗೆ ಬಂದರೆ ಸಾಕು. ಲಿಫ್ಟಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಮೇಲೆ ತಲುಪಿದ ಮೇಲೆ ಚಪ್ಪಲಿ ಕೆಳಗೇ ಉಳಿಯಿತೆಂದು ಗಾಬರಿ. ತಾರಸಿಯಲ್ಲಿ ನಿಂತರೆ ಚಾಂಪಿಯನ್ ರೀಫ್ಸ್ ಗಣಿಯ ಕಡೆಯ ಸೈನೈಡ್ ದಿಬ್ಬಗಳು ಕಾಣುತ್ತಿದ್ದವು. ಅಪ್ಪ ಅವನ್ನು ತೋರಿಸಿ, ‘ಅದೆಲ್ಲಾ ನಾವು ಒಳಗಿಂದ ಎತ್ತಾಕಿದ್ ಮಣ್ಣು ಕಣಪ್ಪಾ’ ಅನ್ನುತ್ತಿದ್ದರು, ಹಿಮಾಲಯವನ್ನು ತಾವೇ ಇಟ್ಟವರ ಹಾಗೆ.

ಚರಿತ್ರೆಯಲ್ಲಿ ಎಲ್ಲ ಸಾಮ್ರಾಜ್ಯಗಳಿಗೂ ಒಂದು ತಪ್ಪು ಇರುತ್ತದಂತೆ. ನಮ್ಮದು ಅಂತಸ್ತಿನ ನಂಬರು. ಗಣಿಯಲ್ಲಿ ಲೆವೆಲ್ಲುಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತಾರೆ. ಅಪ್ಪನಿಗೆ ಬೇರೆ ಎಣಿಕೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಾಗಾಗಿ ಆಕಾಶಲಕ್ಷ್ಮಿಯಲ್ಲಿ ತುದಿಯದು ಒಂದನೇ ಲೆವೆಲ್ಲು, ರಸ್ತೆಯ ಸಮಕ್ಕಿರುವ ರಿಸೆಪ್ಷನ್ನೂ ಊಟದ ಹಾಲೂ ಏಳನೇ ಲೆವೆಲ್ಲು. ಲಿಫ್ಟಿನ ಗುಂಡಿಗಳೂ ಹಾಗೇ. ನಮ್ಮ ಕಡೆಯ ಗಿರಾಕಿಗಳು ಒಗ್ಗಿಕೊಂಡಿದ್ದರು. ಹೆಚ್ಚಿನವರ ಅಪ್ಪಂದಿರೂ ಕೇಜಿನಲ್ಲೇ ಇಳಿದವರು. ಕಷ್ಟವಾದದ್ದು ಹೊರಗಿನವರಿಗೆ.

ಮದುವೆಗೆ ಬಂದ ಕುಪ್ಪಂ ಕಡೆಯ ಗಂಡಿನವರ ಕಥೆಗೆ ಈಗ ಬರಲೇಬೇಕು, ನಿಮಗೆ ಬೇಸರವಾದರೂ. ಕರೆಂಟು ಹೋಗಿತ್ತು. ‘ಊಟ ಏಳನೇ ಲೆವೆಲ್‌ನಾಗೆ’ ಅಂತ ಕದಿರಮ್ಮ ಕಸ ಗುಡಿಸುತ್ತಾ ಹೇಳಿದಳು. ಅವರೆಲ್ಲ ನಿಂತಿದ್ದದ್ದೇ ಏಳನೇ ಲೆವೆಲ್ಲಿನಲ್ಲಿ, ಸಾಂಬಾರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆದರೂ ಬೀಗರು ಅಂದಮೇಲೆ ಹೇಳಿದ್ದನ್ನೇ ನಂಬಬೇಕಲ್ಲ. ಇಡೀ ಗಂಡಿನ ಕಡೆ ಪಟ್ಟೆ ಪಂಚೆ ಎತ್ತಿ ಕಟ್ಟಿಕೊಂಡು ತುದಿಯವರೆಗೆ ಹತ್ತಿತು. ಅಲ್ಲಿ ಬಾಗಿಲ ಮೇಲೆ ದೊಡ್ಡದಾಗಿ ‘ಒಂದು’. ಕೆಳಗೆ ಟವೆಲು ಹೊದ್ದ ಅಪ್ಪ. ‘ಊಟಕ್ಕಾ? ಕೆಳಕ್ಕೋಗ್ರಪ್ಪಾ, ಏಳ್ನೇ ಲೆವೆಲ್ಲು.’ ಹುಡುಗನ ಸೋದರಮಾವ ಅಲ್ಲೇ ಕೂತು, ತನ್ನನ್ನು ಹೆಣದ ಹಾಗೆ ಹೊತ್ತುಕೊಂಡು ಹೋಗಿರೆಂದು ತೆಲುಗಿನಲ್ಲಿ ಬೇಡಿಕೊಂಡ.

ಅದಾದ ಮೇಲೆ ನೀವು ಮಾಡಿದ್ದನ್ನು ಯಾವ ಮ್ಯಾನೇಜರನಾದರೂ ಮಾಡುತ್ತಿದ್ದ. ಅಪ್ಪ ಬೇತಮಂಗಲಕ್ಕೆ ಹೋಗಿದ್ದ ದಿನ ಎಲ್ಲ ನಂಬರು ಫಲಕಗಳನ್ನೂ ಬಿಚ್ಚಿ ತಿರುಗಾ ಹಾಕಿಸಿದಿರಿ. ಅಪ್ಪ ವಾಪಸು ಬಂದು ತಮ್ಮ ರೂಮಿನ ಮುಂದೆ ನಿಂತು ‘ಏಳು’ ಎಂಬ ಅಂಕಿಯನ್ನು ಎಷ್ಟೋ ಹೊತ್ತು ನೋಡಿದರು.

‘ಯಾವನ್ಲಾ ಅದು, ನನ್ ಗಣೀನ ತಲೆಕೆಳಗ್ ಮಾಡ್ದೋನು?’

‘ಮಾವಾ, ಇದು ಗಣಿ ಅಲ್ಲ, ಓಟ್ಲು’ ಅಂದಿರಿ ನೀವು. ನಗುತ್ತಲೇ ಅಂದಿರಿ, ನನಗೆ ಚೆನ್ನಾಗಿ ನೆನಪಿದೆ.

‘ನಂಗೆ ಏಳ್ಕೊಡಕ್ ಬಂದ್ಯಾ? ಮನೆ ಅಳಿಯ ಮನೆ ಅಳಿಯನಂಗಿರು. ಆಗಲ್ವಾ, ಓಗು.’

ದೀಪಾವಳಿಯ ಒಬ್ಬಟ್ಟು ಇನ್ನೂ ಡಬ್ಬಿಯಲ್ಲಿತ್ತು. ನೀವು ಕಾಮಸಮುದ್ರದ ಬಸ್ಸು ಹತ್ತಿದಿರಿ. ಮಾರನೇ ಬೆಳಗ್ಗೆ ಎಂದಿನ ಹೊತ್ತಿಗೆ ಎಂದಿನಂತೆ ಹಾಲು ಬಂತು. ಅದನ್ನು ನೋಡಿ ನೀವು ಸಂಜೆಯೊಳಗೆ ಬರುತ್ತೀರೆಂದುಕೊಂಡೆ. ಹಾಲು ಮಾತ್ರ ಇವತ್ತಿನವರೆಗೂ ತಪ್ಪಿಲ್ಲ. ನಿಮ್ಮ ಹಸುಗಳಿಗೆ ನನ್ನ ಮೇಲೆ ಕೋಪವಿಲ್ಲ ಅಂತ ಕಾಣುತ್ತದೆ.

ಈಗ ಅಪ್ಪನನ್ನು ಇಳಿಸುವ ಮಹಾಕಾರ್ಯಕ್ಕೆ ಬರುತ್ತೇನೆ. ಲಿಫ್ಟು ನಿಂತ ದಿನ ಅಪ್ಪ ಮೇಲೇ ಇದ್ದರು. ಗಣಿಯ ಕಾನೂನು ಪ್ರಕಾರ ನಡೆದುಕೊಂಡರು. ಕೇಜು ಕೆಟ್ಟರೆ ಯಾರೂ ಅತ್ತಿತ್ತ ಓಡಾಡಬಾರದು, ತಾನಿರುವ ಲೆವೆಲ್ಲಿನಲ್ಲೇ ಕೂತಿರಬೇಕು, ಮೇಲಿನವರು ಕರೆದುಕೊಂಡು ಹೋಗುತ್ತಾರೆ. ‘ಕೇಜ್ ನಿಂತ್ರೆ ಕುಂತ್ಕೋ. ಕರಿಯೋರು ಬತ್ತಾರೆ. ಎದ್ದೋದೋನು ಸತ್ತ.’ ಇದನ್ನು ದಿನಕ್ಕೆ ಮೂರು ಹೊತ್ತು ಮಾತ್ರೆಯ ಜೊತೆ ಹೇಳುತ್ತಾರೆ. ಅಂದಿನಿಂದ ನಾನೂ ಮೇಲೇ ಇದ್ದೇನೆ. ಕದಿರಮ್ಮ ಕೆಳಗಿನಿಂದ ಬುಟ್ಟಿ ಕಟ್ಟುತ್ತಾಳೆ, ನಾನು ಮೆಟ್ಟಿಲ ಸಂದಿಯಲ್ಲಿ ಹಗ್ಗ ಎಳೆಯುತ್ತೇನೆ. ನಿಮ್ಮ ಹಾಲು ಈಗ ಹಾಗೇ ಬರುತ್ತಿರುವುದು. ಅರ್ಧ ಚೆಲ್ಲುತ್ತದೆ.

ಮೊದಲು ಆಂಬುಲೆನ್ಸಿನವರನ್ನು ಕರೆಸಿದೆ. ಇಬ್ಬರು ಗಟ್ಟಿ ಹುಡುಗರು ಸ್ಟ್ರೆಚರ್ ಹಿಡಿದು ಬಂದರು. ಅಪ್ಪ ಅದನ್ನು ನೋಡಿ ಗೋಡೆಯ ಕಡೆ ತಿರುಗಿಕೊಂಡರು. ‘ಅದ್ರ ಮೇಲೆ ಮಲ್ಗಿ ಕೇಜ್ ಹತ್ದೋನು ಒಬ್ನೂ ಮತ್ತೆ ಶಿಫ್ಟಿಗೆ ಬರ್ಲಿಲ್ಲ. ನಾನು ನಿಂತ್ಕಂಡ್ ಬಂದೋನು.’ ನಿಲ್ಲಲು ಆಗುವುದಿಲ್ಲ ಅನ್ನುವುದು ಅವರಿಗೆ ಅಡ್ಡಿಯೇ ಅಲ್ಲ. ಹುಡುಗರು ಇಳಿದು ಹೋದರು.

ಆಮೇಲೆ ವೆಂಕಟರತ್ನಮ್ಮತ್ತೆಗೆ ಹೇಳಿಕಳಿಸಿದೆ. ಅಣ್ಣನನ್ನು ಬೈಯುವ ಹಕ್ಕು ಪ್ರಪಂಚದಲ್ಲಿ ಉಳಿದಿರುವುದು ಅವರೊಬ್ಬರಿಗೇ. ಒಂದೊಂದು ಅಂತಸ್ತಿನಲ್ಲೂ ಕೂತು, ಎಲೆಅಡಿಕೆ ಹಾಕಿಕೊಂಡು, ಬೈಗುಳ ಜೋಡಿಸಿಕೊಂಡು ಹತ್ತಿದರು. ಮೇಲೆ ತಲುಪಿದಾಗ ಉಸಿರು ಎಷ್ಟು ಖಾಲಿಯಾಗಿತ್ತೆಂದರೆ ಬೈಗುಳಗಳೆಲ್ಲ ಕೆಳಗಿನ ಅಂತಸ್ತುಗಳಲ್ಲೇ ಉಳಿದಿದ್ದವು. ‘ಯಾಕ್ ಬಂದ್ಯೇ, ಮಂಡಿ ಸರಿಯಿಲ್ದೋಳು?’ ಅಂತ ಅಪ್ಪನೇ ಬೈದು, ತಮ್ಮ ಹಾಸಿಗೆ ಕೊಟ್ಟು ಮಲಗಿಸಿದರು. ಆ ದಿನ ನನ್ನ ಲೆಕ್ಕದಲ್ಲಿ ಇಳಿಸಬೇಕಾದವರು ಇಬ್ಬರಾದರು. ಮಾರನೇ ದಿನ ಅತ್ತೆ ಮೆಟ್ಟಿಲ ಮೇಲೆ ಕೂತು ಕೂತೇ ಜಾರಿಕೊಂಡು ಇಳಿದರು, ದಾರಿಯುದ್ದಕ್ಕೂ ಆ ಉಳಿದ ಬೈಗುಳಗಳನ್ನು ಗೋಡೆಗೆ ಕೊಡುತ್ತಾ.

ಕೊನೆಗೆ ಸ್ಟೇಷನ್ನಿನ ಹಮಾಲಿಗಳು ನಾಲ್ವರನ್ನು ಕರೆಸಿ, ಕಲ್ಯಾಣ ಮಂಟಪದ ಕೆಂಪು ಮಖಮಲ್ಲಿನ ಕುರ್ಚಿ ತಂದು, ಎರಡೂ ಕಡೆ ಬಿದಿರು ಕಟ್ಟಿಸಿದೆ. ‘ನಾನೇನು ಉತ್ಸವಮೂರ್ತಿಯಾ?’ ಅಂದರು ಅಪ್ಪ. ಬುಟ್ಟಿ ಹಿಡಿದು ನಿಂತಿದ್ದ ಕದಿರಮ್ಮನಿಗೆ ಅಷ್ಟು ದಿನದ ಹಗ್ಗದ ಸಿಟ್ಟು ಬಂತು. ‘ದ್ಯಾವ್ರಾದ್ರೂ ವರ್ಸಕ್ಕೊಂದ್ಸಲ ಗುಡಿ ಬಿಟ್ಟಿಳೀತಾನೆ ಸ್ವಾಮಿ. ನೀನು ಅವನ್ಗಿಂತ ದೊಡ್ಡೋನಾ?’ ಹಮಾಲಿಗಳು ನಕ್ಕರು. ಅಪ್ಪನೂ ನಕ್ಕರು. ನಕ್ಕಿದ್ದು ನೋಡಿ ನಾನು ಗೆದ್ದೆವೆಂದು ಬಿದಿರಿಗೆ ಕೈ ಹಾಕಿದೆ. ‘ಕೈ ತೆಗಿಯಮ್ಮಾ’ ಅಂದರು, ಮೆತ್ತಗೆ. ಗದರಿದ್ದರೆ ನಾನೂ ಗದರುತ್ತಿದ್ದೆ. ಮೆತ್ತಗೆ ಅಂದದ್ದಕ್ಕೆ ಬಿದಿರಿನಿಂದ ಕೈ ತೆಗೆದೆ.

ಒತ್ತಾಯದಿಂದ ಎತ್ತಿಸಬಹುದಿತ್ತು ಅನ್ನುತ್ತೀರೇನೋ. ಒಬ್ಬ ಇಂಜಿನಿಯರೂ ಅದನ್ನೇ ಅಂದರು. ಆದರೆ ನಮ್ಮಪ್ಪ ಕೈಕಾಲು ಬಡಿಯುತ್ತಾ, ಹಮಾಲಿಗಳ ತೋಳಿನಲ್ಲಿ, ಊರೆಲ್ಲ ನೋಡುತ್ತಿರುವಾಗ ಆ ಬಾಗಿಲಿನಿಂದ ಹೊರಗೆ ಬರುವುದನ್ನು ನಾನು ಹೇಗೆ ನೋಡಲಿ? ಅದಕ್ಕೆ ನಾನು ಸುಳ್ಳು ಹೇಳುವ ದಾರಿ ಹಿಡಿದೆ. ಲಿಫ್ಟಿನ ಸಾಮಾನು ಬೆಂಗಳೂರಿನಿಂದ ಹೊರಟಿದೆ ಅಂದೆ. ಮಾರನೇ ದಿನ ಮಾಲೂರಿಗೆ ಬಂದಿದೆ ಅಂದೆ. ಈಗ ಅದು ಟೇಕಲ್ಲಿನಲ್ಲಿದೆ. ಇನ್ನು ನಾಳೆ ಎಲ್ಲಿಗೆ ತರಲಿ? ಬಂಗಾರಪೇಟೆಗೆ ಬಂದರೆ ಬಾಗಿಲು ತಟ್ಟಬೇಕಾಗುತ್ತದಲ್ಲ. ನಾನು ಕೋಲಾರದ ಮೇಲೆ ಸುತ್ತಿಸಿ ತರೋಣ ಅಂತಿದ್ದೇನೆ.

ನವ್ಯ ಹಾಸ್ಟೆಲಿನಿಂದ ದಿನಾ ಫೋನು ಮಾಡುತ್ತಾಳೆ. ‘ಅಮ್ಮಾ, ಅಪ್ಪಂಗೆ ಹೇಳಿದ್ಯಾ?’ ಅಂತ ಒಂದೇ ಪ್ರಶ್ನೆ. ‘ಸಿಗ್ನಲ್ ಸಿಕ್ತಿಲ್ಲ ಕಣೇ’ ಅಂದೆ. ‘ನಿನ್ ತಲೆ ಮೇಲೇ ಟವರ್ ಇದೆಯಲ್ಲಮ್ಮಾ’ ಅಂದಳು. ನಮ್ಮ ತಾರಸಿಯಲ್ಲಿ ಮೊಬೈಲ್ ಕಂಪನಿಯವರು ಟವರು ನಿಲ್ಲಿಸಿರುವುದು ನನಗೆ ಮರೆತೇ ಹೋಗಿತ್ತು.

ಅಪ್ಪನಿಗೆ ಊಟ ಸೇರುತ್ತಿಲ್ಲ. ಹಾಲು ಒಂದನ್ನು ಮಾತ್ರ ಕುಡಿಯುತ್ತಾರೆ. ಮಧ್ಯಾಹ್ನವೆಲ್ಲ ಕಿಟಕಿಯಲ್ಲಿ ದಿಬ್ಬಗಳ ಕಡೆ ನೋಡುತ್ತಾ ಕೂತಿರುತ್ತಾರೆ. ಗೋಡೆಯಲ್ಲಿ ಆಗಾಗ ಚಟ್ ಅನ್ನುತ್ತದೆ. ‘ಬಂಡೆ ಮಾತಾಡ್ತದೆ. ಮಾತಾಡೋವರ್ಗೂ ಬಯ ಇಲ್ಲ’ ಅನ್ನುತ್ತಾರೆ. ಅವರಿಗಿಲ್ಲದಿರಬಹುದು. ನನಗೆ ಇದೆ.

ನಿಮ್ಮಿಂದ ಏನಾಗಬೇಕೆಂದು ಬರೆದದ್ದಲ್ಲ. ತಿಳಿಸುವುದು ಧರ್ಮ, ತಿಳಿಸಿದ್ದೇನೆ. ಬಿಸಿಲು ಜಾಸ್ತಿ, ತಲೆಗೆ ಟವೆಲು ಹಾಕಿಕೊಳ್ಳದೆ ಹುಲ್ಲಿಗೆ ಹೋಗಬೇಡಿ. ಕಂದು ಹಸು ಈಯಿತೋ ಇಲ್ಲವೋ ಗೋಪಿಯ ಕೈಲಿ ಹೇಳಿಕಳಿಸಿ. ಅವನನ್ನು ನಾನಾಗಿ ಕೇಳಿದರೆ ನಗುತ್ತಾನೆ.

ಇಂತಿ,
ಹೋಟೆಲ್ ಆಕಾಶಲಕ್ಷ್ಮಿಯ ಕಟ್ಟಕಡೆಯ ಮೇಲ್ವಿಚಾರಕಿ, ಹಗ್ಗ ಎಳೆಯುವವಳು ಮತ್ತು ನಿಮ್ಮ
ಅರುಣಕುಮಾರಿ

ಮತ್ತೆ ಬರೆದದ್ದು: ಕಾಗದ ಮಡಿಚಿ ಆಗಿತ್ತು. ತಿರುಗಾ ಬಿಚ್ಚಿದ್ದೇನೆ.

ಇವತ್ತು ಸಾಯಂಕಾಲ ಟೇಕಲ್ಲಿನ ಸುದ್ದಿ ಹೇಳಲು ಹೋದೆ. ಅಪ್ಪ ಅರ್ಧಕ್ಕೇ ಕೈ ಎತ್ತಿದರು. ‘ಬಿಡಮ್ಮಾ, ಪಾಪ, ಎಷ್ಟ್ ದಿನಾಂತ ಅದ್ನ ಉರುಳುಸ್ತೀಯಾ. ಕೇಜ್ ಬರಲ್ಲ ಅಂತ ಅವತ್ತೇ ಗೊತ್ತು. ಲಿಫ್ಟಿನ್ ಕಬ್ಣದ್ ಹಗ್ಗ ಬಿಚ್ಚಿ ಎಳ್ಕಂಡೋಗಿದ್ ಸದ್ದು ಕೇಳುಸ್ಲಿಲ್ವಾ ನಂಗೆ? ಆ ಸದ್ದು ನಂಗೊತ್ತಿಲ್ವಾ?’

‘ಮತ್ತ್ಯಾಕಪ್ಪಾ ಇಳೀತಿಲ್ಲ?’

‘ಇಳ್ದು ಎಲ್ಲಿಗೋಗ್ಲಿ?’

ಕೋಲಾರ ರಸ್ತೆಯಲ್ಲಿ ನಾನು ನೋಡಿಟ್ಟಿರುವ ಬಾಡಿಗೆ ಮನೆ ಅಂದೆ. ಅದು ಮಹಡಿ ಮೇಲಿದೆ. ಹೇಳುವಾಗಲೇ ನನಗೆ ನಾಚಿಕೆಯಾಯಿತು. ವೆಂಕಟರತ್ನಮ್ಮತ್ತೆಯ ಮನೆ ಅಂದೆ. ಅಲ್ಲಿ ಮಲಗುವುದಕ್ಕೆ ಅವರಿಗೇ ಜಾಗವಿಲ್ಲ. ಇನ್ನೊಂದು ಮನೆಯ ಹೆಸರು ನಾನು ಹೇಳಲಿಲ್ಲ. ಅಪ್ಪನೇ ಹೇಳಿದರು, ಕಿಟಕಿಯ ಕಡೆ ಮುಖ ಮಾಡಿಕೊಂಡು.

‘ಎಣ್ಣು ಕೊಟ್ಟ ಮನೆಗೆ ಕರೀದೆ ಓಗಿ ಕುಂತ್ಕಳಕ್ಕಾಯ್ತದಾ? ಅದೂ ಓಗು ಅಂದೋನು ನಾನೇ. ಓಗು ಅಂದ ಬಾಯಲ್ಲಿ ಬತ್ತೀನಿ ಅಂತ ಎಂಗಮ್ಮಾ ಅನ್ಲಿ? ಸುಧಾಕ್ರ ಬಂದು ನಡೀರಿ ಮಾವ ಅಂದ್ರೆ, ನಿಮ್ ಕೆಂಪು ಕುರ್ಚಿ ಮ್ಯಾಲೇ ಕುಂತ್ಕಂಡ್ ಇಳೀತೀನಿ. ನೀನು ಅವನ್ಗೆ ಏಳ್ಬೇಡ. ಏಳಿ ಕರುಸ್ದಂಗಾಯ್ತದೆ.’

ಹೇಳಬೇಡ ಅಂದದ್ದನ್ನು ಹೇಳಿದ್ದೇನೆ. ಇಷ್ಟು ದಿನ ನಾನು ಯಾಕೆ ಹೇಳಲಿಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬಾಯಿಯ ವಿಷಯದಲ್ಲಿ ನಾನು ಬಚ್ಚಪ್ಪನ ಮಗಳೇ. ಅವರು ಕಿಟಕಿ ನೋಡುತ್ತಾ ಕೂರುತ್ತಾರೆ, ನಾನು ಹಾಲು ಬಂತು ಅನ್ನುತ್ತೇನೆ.

ಒಂದು ಸಣ್ಣ ಉಪಕಾರವಾಗಬೇಕು. ಗುರುವಾರ ಬೆಳಗ್ಗೆ ಗೋಪಿ ಹೊರಡುವ ಮೊದಲು ವ್ಯಾನಿನ ಹಿಂದಿನ ಕ್ಯಾನುಗಳನ್ನೆಲ್ಲ ಇಳಿಸಿ ಒಳಗೆ ತೊಳೆಸಿ, ಹಸಿ ಹಾಲಿನ ವಾಸನೆ ಅಪ್ಪನಿಗೆ ಆಗುವುದಿಲ್ಲ. ಗೋಪಿಯ ಪಕ್ಕದ ಸೀಟಿನಲ್ಲಿ ಯಾರು ಕೂತು ಬರಬೇಕೆಂದು ನಾನು ಹೇಳುವುದಿಲ್ಲ, ಹೇಳಿ ಕರೆಸಿದಂತಾಗುತ್ತದೆ. ಒಣಹುಲ್ಲು ದಪ್ಪಗೆ ಹಾಸಿ, ಮೇಲೆ ಕಂಬಳಿ ಹಾಕಿಸಿ. ಕಂಬಳಿ ಅಗಲದ್ದಿರಲಿ. ನಾವು ಇಬ್ಬರಿದ್ದೇವೆ.